ಕುಡುಗೋಲು ತಾಗಿದರೆ ಮೊದಲ ಅರ್ಧ ಗಂಟೆ ಏನು ಮಾಡಬೇಕು

ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಸ್ಟಾಫ್ ನರ್ಸ್. ಗಾಯಕ್ಕೆ ಔಷಧಿ ಹಾಕುವುದಕ್ಕಿಂತ ಗಾಯದೊಳಗೆ ಜನ ತುಂಬಿಕೊಂಡು ಬಂದಿದ್ದನ್ನು ಹೊರಗೆ ತೆಗೆಯುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ. ಕಾಫಿ ಪುಡಿ, ಅರಿಶಿನ, ಸುಣ್ಣ, ಬೀಡಿ ತಂಬಾಕು, ಹಲ್ಲುಜ್ಜುವ ಪೇಸ್ಟ್, ಒಂದು ಸಲ ಜೇಡರ ಬಲೆ ಕೂಡ. ಹೋದ ಅಡಿಕೆ ಸುಗ್ಗಿಯಲ್ಲಿ ಚನ್ನಗಿರಿ ಕಡೆಯಿಂದ ಒಬ್ಬ ಅಜ್ಜ ಬಂದರು. ಎಡಗೈ ಹೆಬ್ಬೆರಳ ಬುಡದಲ್ಲಿ ಮೆಟ್ಟುಗತ್ತಿಯ ಗಾಯ, ಅದರ ಮೇಲೆ ಕಪ್ಪಗೆ ಗಟ್ಟಿಯಾದ ಒಂದು ಹೆಂಟೆ.

"ಏನ್ ಹಚ್ಚೀರಿ ಅಜ್ಜಾ ಇದು?"

"ಕಾಫಿ ಪುಡಿ ತುಂಬಿದ್ವಿ ಸಿಸ್ಟ್ರೇ. ರಕ್ತ ಟಕ್ ಅಂತ ನಿಂತ್ತು ನೋಡ್ರಿ."

ರಕ್ತ ನಿಂತಿದ್ದು ನಿಜ. ಆದರೆ ಆ ಪುಡಿಯನ್ನು ನೆನೆಸಿ, ತೊಳೆದು, ಮತ್ತೆ ನೆನೆಸಿ ತೆಗೆಯುವಷ್ಟರಲ್ಲಿ ಮುಕ್ಕಾಲು ಗಂಟೆಯಾಯಿತು. ಅಡಿಯಲ್ಲಿ ನೋಡಿದರೆ ಹೆಬ್ಬೆರಳನ್ನು ಬಗ್ಗಿಸುವ ಬಿಳಿ ಹುರಿ ಕಡಿದುಹೋಗಿತ್ತು. ಎರಡು ದಿನದಿಂದ ಬೆರಳು ಮಡಚುತ್ತಿರಲಿಲ್ಲ, ನೋವಿಗೆ ಹಂಗಾಗಿದೆ ಅಂತ ಮನೆಯವರೆಲ್ಲ ಅಂದುಕೊಂಡಿದ್ದರು. ಪುಡಿ ಮುಚ್ಚಿದ್ದರಿಂದ ಯಾರಿಗೂ ಕಾಣಲಿಲ್ಲ, ಅಷ್ಟೇ.

ಅದಕ್ಕೇ ಈ ಬರಹ. ಗಾಯ ಆದ ಕೂಡಲೇ ನಮ್ಮ ಕೈ "ಏನು ಹಚ್ಚೋಣ" ಅಂತ ಡಬ್ಬಿ ಹುಡುಕುತ್ತದೆ. ಮೊದಲು ಒತ್ತಬೇಕು, ಆಮೇಲೆ ನೋಡಬೇಕು, ಆಮೇಲೆ ತೊಳೆಯಬೇಕು. ಹಚ್ಚುವ ಮಾತು ಅಲ್ಲಿಂದ ಮುಂದಿನದು.

ಒತ್ತುವುದು

ನಿಮ್ಮ ಕೈ ತೊಳೆದುಕೊಳ್ಳಿ. ಗ್ಲೌಸ್ ಇಲ್ಲದಿದ್ದರೆ ತೊಳೆದ ಪ್ಲಾಸ್ಟಿಕ್ ಕವರ್ ಕೈಗೆ ಹಾಕಿಕೊಂಡರೂ ನಡೆಯುತ್ತದೆ. ಗಾಯವಾದವರನ್ನು ಕೂರಿಸಿ, ಆದರೆ ಮಲಗಿಸಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ರಕ್ತ ನೋಡಿ ತಲೆ ಸುತ್ತಿ ಬಿದ್ದು ಹಣೆಗೂ ಒಂದು ಗಾಯ ಮಾಡಿಕೊಂಡು ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಗೆದ ಕಾಟನ್ ಬಟ್ಟೆ, ಹಳೇ ಪಂಚೆ ಆದರೂ ಸರಿ, ಮಡಚಿ ಗಾಯದ ಮೇಲಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಕೈ ಕಾಲಿನ ಗಾಯವಾದರೆ ಎದೆಗಿಂತ ಮೇಲೆ ಎತ್ತಿ ಹಿಡಿಯಿರಿ.

ಎಷ್ಟು ಹೊತ್ತು? ಗಡಿಯಾರ ನೋಡಿ 10 ನಿಮಿಷ. ನಡುವೆ ಬಟ್ಟೆ ಎತ್ತಬೇಡಿ. ಎರಡೆರಡು ನಿಮಿಷಕ್ಕೆ "ನಿಂತಿತಾ?" ಅಂತ ಎತ್ತಿ ನೋಡಿದರೆ ಆಗಷ್ಟೇ ಕೂರುತ್ತಿದ್ದ ಹೆಪ್ಪು ಕಿತ್ತು ಬರುತ್ತದೆ, ಮತ್ತೆ ಮೊದಲಿನಿಂದ ಶುರು. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು ಇಟ್ಟು ಇನ್ನೂ ಗಟ್ಟಿಯಾಗಿ ಒತ್ತಿ. ತಲೆ ಗಾಯದಲ್ಲಿ ರಕ್ತ ಜಾಸ್ತಿ ಬರುತ್ತದೆ, ಚಿಕ್ಕ ಗಾಯಕ್ಕೂ ಅಂಗಿಯೆಲ್ಲ ಕೆಂಪಾಗುತ್ತದೆ, ಅಷ್ಟಕ್ಕೇ ಹೆದರಬೇಡಿ. ಆದರೆ ತಲೆಗೆ ಪೆಟ್ಟಾದವರು ವಾಂತಿ ಮಾಡಿದರೆ, ತೂಕಡಿಸಿದರೆ, ಹೇಳಿದ್ದನ್ನೇ ಹೇಳುತ್ತಿದ್ದರೆ ಗಾಯದ ಕಥೆ ಬಿಟ್ಟು ಮೊದಲು ಆಸ್ಪತ್ರೆಗೆ ಹೊರಡಿ.

ರಕ್ತ ಚಿಮ್ಮಿ ಚಿಮ್ಮಿ ಬರುತ್ತಿದ್ದರೆ, ಅಥವಾ ಎಷ್ಟು ಒತ್ತಿದರೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ, ಒತ್ತಿದ ಕೈ ತೆಗೆಯಬೇಡಿ. ಕೈಯೋ ಕಾಲೋ ಆಗಿದ್ದು ಜೀವಕ್ಕೇ ಕುತ್ತು ಅನ್ನಿಸಿದಾಗ ಮಾತ್ರ ಕಟ್ಟು ಹಾಕಿ. ಗಾಯಕ್ಕಿಂತ ಮೂರು ಬೆರಳು ಮೇಲೆ, ಕೀಲಿನ ಮೇಲೆ ಬರದ ಹಾಗೆ, ಅಗಲವಾದ ಬಟ್ಟೆ ಸುತ್ತಿ, ಗಂಟಿನಲ್ಲಿ ಒಂದು ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಬೇಕು. ತಂತಿ, ಸಣ್ಣ ಹಗ್ಗ, ಬೈಕಿನ ಕೇಬಲ್ ಬೇಡ, ಚರ್ಮ ನರ ಎರಡನ್ನೂ ಕೊಯ್ಯುತ್ತವೆ. ಎಷ್ಟು ಗಂಟೆಗೆ ಕಟ್ಟಿದಿರಿ ಅಂತ ಹಣೆ ಮೇಲೋ ಕೈ ಮೇಲೋ ಪೆನ್ನಿನಲ್ಲಿ ಬರೆಯಿರಿ. ಆಮೇಲೆ ಸಡಿಲ ಮಾಡಿ ನೋಡುವ ಕೆಲಸ ಡಾಕ್ಟರದ್ದು.

ಗಾಯದೊಳಗೆ ಏನಾದರೂ ನಾಟಿಕೊಂಡಿದ್ದರೆ, ಅಂದರೆ ಕಬ್ಬಿಣದ ಸರಳೋ ಗಾಜೋ, ಎಳೆಯಬೇಡಿ. ಎಷ್ಟೋ ಸಲ ಅದೇ ಬಿರಡೆಯ ಹಾಗೆ ರಕ್ತ ತಡೆದಿರುತ್ತದೆ. ಅಲ್ಲಾಡದ ಹಾಗೆ ಎರಡೂ ಕಡೆ ಬಟ್ಟೆ ಒತ್ತು ಕೊಟ್ಟು ಹಾಗೇ ಕರೆದುಕೊಂಡು ಬನ್ನಿ.

ಇನ್ನು ಮೆಕ್ಕೆಜೋಳ ಬಿಡಿಸುವ ಮಷೀನಿಗೆ ಬೆರಳು ಕೊಟ್ಟವರ ವಿಷಯ. ಬೆರಳು ತುಂಡಾಗಿ ಬಿದ್ದರೆ ಹುಡುಕಿ. ನೀರಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಆ ಕವರನ್ನು ಐಸ್ ಬೆರೆಸಿದ ನೀರಿರುವ ಇನ್ನೊಂದು ಕವರಿನಲ್ಲಿಡಿ. ನೇರವಾಗಿ ಐಸ್ ಮೇಲೆ ಇಟ್ಟರೆ ಬೆರಳು ಹಾಳಾಗುತ್ತದೆ. ಬೇಗ ತಂದರೆ ಕೂರಿಸಲು ಪ್ರಯತ್ನವಾದರೂ ಮಾಡಬಹುದು.

ನೋಡುವುದು

ರಕ್ತ ನಿಂತಿತು. ಈಗ ಬೆಳಕಿರುವ ಕಡೆ ಬನ್ನಿ. ಊದಿಕೊಳ್ಳುವ ಮುಂಚೆ ಉಂಗುರ, ಬಳೆ, ಕಾಲುಂಗುರ ತೆಗೆದುಬಿಡಿ. ನಾಳೆ ಅದನ್ನು ಕಟರ್‌ನಲ್ಲಿ ಕತ್ತರಿಸಬೇಕಾಗುತ್ತದೆ, ಮದುವೆ ಉಂಗುರ ಆದರೆ ಮನೆಯಲ್ಲಿ ಗಲಾಟೆ ಬೇರೆ.

ಗಾಯ ಎಷ್ಟು ಉದ್ದ ಅನ್ನುವುದಕ್ಕಿಂತ ಎಷ್ಟು ಆಳ, ಎಲ್ಲಿ, ಯಾವುದರಿಂದ, ಯಾವಾಗ ಆಯಿತು ಅನ್ನುವುದು ಮುಖ್ಯ. ಬೈಕಿನಿಂದ ಬಿದ್ದು ಅಂಗೈ ಅಗಲ ತರಚಿದ ಗಾಯ ನೋಡಲು ಭಯಂಕರ, ಆದರೆ ಸಾಮಾನ್ಯವಾಗಿ ತೊಳೆದರೆ ವಾಸಿಯಾಗುವಂಥದ್ದು. ಮೊಳೆ ಚುಚ್ಚಿದ ತೂತು ಸಾಸಿವೆ ಕಾಳಿನಷ್ಟಿರುತ್ತದೆ, ತೊಂದರೆ ಕೊಡುವುದು ಅದೇ.

ಗಾಯದ ಆಚೆ ಕಡೆ ಹೇಗಿದೆ ಅಂತ ನೋಡುವುದನ್ನು ಎಲ್ಲರೂ ಮರೆಯುತ್ತಾರೆ. ಕೈಗೆ ಗಾಯವಾದರೆ ಬೆರಳ ತುದಿಗಳನ್ನು ನೋಡಿ. ಉಗುರನ್ನು ಒತ್ತಿ ಬಿಡಿ, ಬಿಳಿಚಿಕೊಂಡಿದ್ದು 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಅಡಿಕೆ ಸುಲಿಯುವವರಲ್ಲಿ ಇದು ನಡೆಯುವುದಿಲ್ಲ, ಚೊಗರು ಹಿಡಿದು ಉಗುರೆಲ್ಲ ಕಪ್ಪು. ಅಂಥವರಿಗೆ ಬೆರಳಿನ ತುದಿಯ ಮೆತ್ತನೆ ಭಾಗ ಒತ್ತಿ ನೋಡುತ್ತೇನೆ, ಪಕ್ಕದ ಬೆರಳಷ್ಟೇ ಬೆಚ್ಚಗಿದೆಯಾ ಅಂತ ಮುಟ್ಟಿ ನೋಡುತ್ತೇನೆ.

ಆಮೇಲೆ ಕಣ್ಣು ಮುಚ್ಚಲು ಹೇಳಿ, ಬೆರಳಿನ ಎಡಬದಿ ಬಲಬದಿ ಎರಡನ್ನೂ ದೀಪದ ಬತ್ತಿಯಿಂದ ಮೆಲ್ಲಗೆ ಸವರಿ, ಎಲ್ಲಿ ಮುಟ್ಟಿದೆ ಅಂತ ಕೇಳಿ. ಸ್ಪರ್ಶದ ನರ ಬೆರಳಿನ ಎರಡೂ ಬದಿಯಲ್ಲಿ ಒಂದೊಂದು ಹೋಗುತ್ತದೆ. ಒಂದು ಬದಿ ಮಾತ್ರ ಜೋಮು ಹಿಡಿದಂತಿದ್ದರೆ ಆ ಬದಿಯ ನರ ಕಡಿದಿರಬಹುದು. ಕೊನೆಗೆ ಒಂದೊಂದೇ ಗೆಣ್ಣು ಮಡಚಿಸಿ. ನಡುಗೆಣ್ಣನ್ನು ನೀವು ಹಿಡಿದುಕೊಂಡು ತುದಿಗೆಣ್ಣು ಮಾತ್ರ ಬಗ್ಗಿಸಲು ಹೇಳಿ. ಬಗ್ಗದಿದ್ದರೆ ಹುರಿ ಕಡಿದಿದೆ ಅಂತಲೇ ತಿಳಿದು ಅವತ್ತೇ ಆಸ್ಪತ್ರೆಗೆ ಹೋಗಿ. ಇಷ್ಟಕ್ಕೆ ಎರಡು ನಿಮಿಷ ಸಾಕು. ಆ ಅಜ್ಜನ ಮನೆಯಲ್ಲಿ ಯಾರಾದರೂ ಇದನ್ನು ಮಾಡಿದ್ದರೆ ಎರಡು ದಿನ ಉಳಿಯುತ್ತಿತ್ತು.

ಮೋಸ ಮಾಡುವ ಗಾಯ ಎರಡಿವೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಪೈಪು ಅಥವಾ ಗ್ರೀಸ್ ಗನ್ನಿನಿಂದ ರಭಸವಾಗಿ ಎಣ್ಣೆ ಬೆರಳಿಗೆ ಹೊಡೆದರೆ ಹೊರಗೆ ಕಾಣುವುದು ಒಂದು ಚುಕ್ಕೆ. ಒಳಗೆ ಎಣ್ಣೆ ಅಂಗೈವರೆಗೂ ಹರಿದಿರುತ್ತದೆ. ನೋವಿಲ್ಲದಿದ್ದರೂ ಕಾಯಬೇಡಿ, ಅದು ಆಪರೇಷನ್ ಥಿಯೇಟರಿನ ಕೇಸು. ಇನ್ನೊಂದು, ಜಗಳದಲ್ಲಿ ಎದುರಿನವನ ಹಲ್ಲು ಗೆಣ್ಣಿಗೆ ತಾಗಿ ಆದ ಗಾಯ. "ಬಾಗಿಲಿಗೆ ಬಡಿದೆ" ಅಂತಾರೆ ಎಲ್ಲರೂ. ನಮಗೆ ನಿಜ ಹೇಳಿ, ಮನುಷ್ಯರ ಬಾಯಿಯ ಕೀಟಾಣು ಕೀಲಿನೊಳಗೆ ಹೋದರೆ ಬೆರಳೇ ಹೋಗಬಹುದು.

ತೊಳೆಯುವುದು

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಇದೇ, ಮತ್ತು ಇದು ಪುಕ್ಕಟೆ. ಕುಡಿಯುವ ನೀರು ಸಾಕು. ಹೊಲಿಗೆ ಹಾಕುವಂಥ ಸಾಮಾನ್ಯ ಗಾಯಕ್ಕೆ ಕುಡಿಯಲು ಯೋಗ್ಯವಾದ ನಲ್ಲಿ ನೀರು ಸಲೈನ್‌ನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಹೋಲಿಸಿ ನೋಡಿದ ಅಧ್ಯಯನಗಳಿವೆ. ಹಳ್ಳಿಯಲ್ಲಿ ಶುದ್ಧ ನೀರಿನ ಘಟಕದ ಕ್ಯಾನ್ ಇದ್ದರೆ ಅದೇ ಆಗುತ್ತದೆ, ಅನುಮಾನ ಇದ್ದರೆ ಕುದಿಸಿ ಆರಿಸಿದ ನೀರು. ಭದ್ರಾ ನಾಲೆಯಲ್ಲಿ ಕೈ ಅದ್ದುವುದು, ಕೃಷಿ ಹೊಂಡದಲ್ಲಿ ತೊಳೆಯುವುದು ಬೇಡ.

ಸುಮ್ನೆ ನೀರು ಚಿಮುಕಿಸಿದರೆ ಮಣ್ಣು ಹೋಗುವುದಿಲ್ಲ. ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿ ಕಾಯಿಸಿ ಒಂದು ತೂತು ಮಾಡಿ, ಬಾಟಲಿ ಹಿಂಡಿ, ಪಿಚಕಾರಿಯ ಹಾಗೆ ಬರುತ್ತದೆ. ಗಾಯದ ಉದ್ದ ಪ್ರತಿ ಸೆಂಟಿಮೀಟರಿಗೆ 50ರಿಂದ 100 ಮಿಲಿ ಲೆಕ್ಕ ಇಟ್ಟುಕೊಳ್ಳಿ. 5 ಸೆಂಟಿಮೀಟರ್ ಗಾಯಕ್ಕೆ ಕಡಿಮೆ ಅಂದರೂ ಕಾಲು ಲೀಟರು, ಕೊಳೆ ಜಾಸ್ತಿ ಇದ್ದರೆ ಅರ್ಧ ಲೀಟರು, ಇನ್ನೂ ಇದ್ದರೆ ಇನ್ನೂ ಹಾಕಿ. ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ ತೊಳೆಯಬಹುದು. ತೊಳೆಯುವಾಗ ರಕ್ತ ಮತ್ತೆ ಸ್ವಲ್ಪ ಜಿನುಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಆದರೆ ಭಾರಿ ರಕ್ತ ಹೋಗಿ ಕಷ್ಟಪಟ್ಟು ನಿಲ್ಲಿಸಿದ ಗಾಯವನ್ನು ಮನೆಯಲ್ಲಿ ತೊಳೆಯಲು ಹೋಗಬೇಡಿ, ಬಟ್ಟೆ ಕಟ್ಟಿಕೊಂಡೇ ಬನ್ನಿ.

ಹೈವೇಯಲ್ಲಿ ಬಿದ್ದು ತರಚಿಕೊಂಡವರ ಚರ್ಮದೊಳಗೆ ಡಾಂಬರಿನ ಸಣ್ಣ ಸಣ್ಣ ಕಲ್ಲು ಸಿಕ್ಕಿರುತ್ತವೆ. ಒದ್ದೆ ಗಾಜ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ ತೆಗೆಯಿರಿ. ನೋವಾಗುತ್ತದೆ ಅಂತ ಅಲ್ಲೇ ಬಿಟ್ಟರೆ ಚರ್ಮ ಮೇಲೆ ಬೆಳೆದು ಹಚ್ಚೆ ಹಾಕಿದ ಹಾಗೆ ನೀಲಿ ಕಲೆ ಜೀವಮಾನ ಪೂರ್ತಿ ಉಳಿಯುತ್ತದೆ.

ಸ್ಪಿರಿಟ್, ನೀರು ಬೆರೆಸದ ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ಇವನ್ನು ಗಾಯದೊಳಗೆ ಸುರಿಯಬೇಡಿ. ಉರಿದರೆ ಔಷಧಿ ಕೆಲಸ ಮಾಡ್ತಿದೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಉರಿ ಅಂದರೆ ಕೀಟಾಣು ಜೊತೆಗೆ ಗಾಯ ಮುಚ್ಚಬೇಕಾದ ನಿಮ್ಮದೇ ಮಾಂಸವೂ ಸುಡುತ್ತಿದೆ ಅಂತ. ಬೆಟಾಡಿನ್ ಇದ್ದರೆ ಗಾಯದ ಸುತ್ತ ಸವರಿ, ಸಾಕು.

ಸುಟ್ಟ ಗಾಯ ಬೇರೆಯದೇ ಲೇಖನ. ಆದರೂ ಮಂಡಕ್ಕಿ ಭಟ್ಟಿ ಕೆಲಸದವರು ಓದುತ್ತಿದ್ದರೆ ಇಷ್ಟು ನೆನಪಿಡಿ: ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ. ಪೇಸ್ಟ್ ಇಲ್ಲ, ಇಂಕ್ ಇಲ್ಲ, ಐಸ್ ಕೂಡ ಇಲ್ಲ.

ಮುಳ್ಳು

ನನ್ನ ತವರು ಚಳ್ಳಕೆರೆ ಕಡೆ, ಜಾಲಿ ಮುಳ್ಳಿನ ಸೀಮೆ. ಹತ್ತು ವರ್ಷದವಳಿದ್ದಾಗ ಶೇಂಗಾ ಹೊಲದ ಬದುವಿನಲ್ಲಿ ಹವಾಯಿ ಚಪ್ಪಲಿ ತೂರಿಕೊಂಡು ಬಂದ ಮುಳ್ಳು ಹಿಮ್ಮಡಿಯಲ್ಲಿ ಮುರಿಯಿತು. ಅವ್ವ ಎಕ್ಕದ ಹಾಲು ಹಚ್ಚಿದಳು, ತಾನಾಗೇ ಮೇಲೆ ಬರುತ್ತೆ ಅಂತ. ಬಂತು, ಮೂರು ವಾರದ ಮೇಲೆ, ಕೀವಿನ ಜೊತೆಗೆ. ಕೀವು ಕಟ್ಟಿದ್ದೇ ಅದನ್ನು ಹೊರಗೆ ತಳ್ಳಿದ್ದು, ಎಕ್ಕದ ಹಾಲಲ್ಲ. ಆ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಸಿಡಿದರೆ ಇನ್ನೂ ಕಷ್ಟ.

ಚುಚ್ಚಿದ ಗಾಯದ ಒಳಗನ್ನು ತೊಳೆಯಲು ಆಗುವುದಿಲ್ಲ, ಅದೇ ಸಮಸ್ಯೆ. ತುದಿ ಹೊರಗೆ ಕಾಣುತ್ತಿದ್ದರೆ ಚಿಮಟದಿಂದ ಹೋದ ದಾರಿಯಲ್ಲೇ ಎಳೆಯಿರಿ. ಕಾಣದಿದ್ದರೆ ಪಿನ್ನು, ಬ್ಲೇಡು ಹಾಕಿ ಅಗೆಯಬೇಡಿ. ಮುಳ್ಳು, ಕಟ್ಟಿಗೆ ಸಾಮಾನ್ಯವಾಗಿ ಎಕ್ಸ್‌ರೇನಲ್ಲಿ ಕಾಣುವುದಿಲ್ಲ, ಸ್ಕ್ಯಾನಿಂಗ್‌ನಲ್ಲಿ ಕಾಣುತ್ತವೆ. ಗಾಜು ಬಹುತೇಕ ಎಕ್ಸ್‌ರೇನಲ್ಲೇ ಸಿಗುತ್ತದೆ. ಹಾಗಾಗಿ "ಎಕ್ಸ್‌ರೇ ಕ್ಲಿಯರ್ ಇದೆ" ಅಂದಮೇಲೂ ವಾರಗಟ್ಟಲೆ ನೋವಿದ್ದರೆ ಮತ್ತೆ ಹೋಗಿ, ಮುಳ್ಳು ಚುಚ್ಚಿತ್ತು ಅಂತ ಬಾಯಿಬಿಟ್ಟು ಹೇಳಿ. ಚಪ್ಪಲಿ ದಾಟಿ ಚುಚ್ಚಿದ್ದರೆ ಅದನ್ನೂ ಹೇಳಿ, ರಬ್ಬರಿನ ಚೂರು ಒಳಗೆ ಹೋಗಿರಬಹುದು.

ಹೊಲಿಗೆ ಬೇಕಾ?

ಗಾಯದ ಎರಡು ಅಂಚು ತಾವಾಗೇ ಕೂಡಿಕೊಂಡಿದ್ದರೆ, ಆಳ ಇಲ್ಲದಿದ್ದರೆ, ಬೇಡ. ಬಾಯಿ ಬಿಟ್ಟುಕೊಂಡಿದ್ದರೆ, ಒಳಗೆ ಹಳದಿ ಕೊಬ್ಬು ಕಾಣುತ್ತಿದ್ದರೆ, ಕೀಲಿನ ಮೇಲಿದ್ದು ಬಗ್ಗಿಸಿದಾಗಲೆಲ್ಲ ತೆರೆಯುತ್ತಿದ್ದರೆ, ಮುಖದ ಮೇಲಿದ್ದರೆ, ಬೇಕಾಗಬಹುದು. 6ರಿಂದ 8 ಗಂಟೆಯೊಳಗೆ ಬಂದರೆ ಒಳ್ಳೆಯದು. ಮುಖದಲ್ಲಿ ರಕ್ತ ಓಡಾಟ ಜಾಸ್ತಿ, ಅಲ್ಲಿ 24 ಗಂಟೆವರೆಗೂ ಹಾಕುವುದುಂಟು. ಬೆಳಿಗ್ಗೆ ನೋಡೋಣ ಅಂತ ರಾತ್ರಿಯೆಲ್ಲ ಕಾಯಬೇಡಿ. ಮನೆಯಲ್ಲಿ ಫೆವಿಕ್ವಿಕ್ ಹಾಕಿ ಅಂಟಿಸಿಕೊಂಡು ಬರುವವರಿದ್ದಾರೆ, ದಯವಿಟ್ಟು ಬೇಡ. ಆಸ್ಪತ್ರೆಯಲ್ಲಿ ಚರ್ಮಕ್ಕೆ ಹಾಕುವ ಅಂಟು ಬೇರೆ.

ಕೆಲವೊಮ್ಮೆ ಡಾಕ್ಟರು ಗಾಯ ತೊಳೆದು ಹೊಲಿಗೆ ಹಾಕದೆ ತೆರೆದೇ ಬಿಡುತ್ತಾರೆ, 3ರಿಂದ 5 ದಿನ ಬಿಟ್ಟು ಬನ್ನಿ ಅನ್ನುತ್ತಾರೆ. ಆಗ ನಮಗೆ ಬೈಗುಳ ಗ್ಯಾರಂಟಿ. "ಇಷ್ಟು ದೂರದಿಂದ ಬಂದ್ರೆ ಹೊಲಿಗಿ ಹಾಕ್ಲಿಲ್ಲ ನೋಡ್ರಿ." ಕೊಳೆ ಗಾಯವನ್ನು ಅವತ್ತೇ ಹೊಲಿದರೆ ಕೀವನ್ನು ಒಳಗೆ ಹಾಕಿ ಬೀಗ ಹಾಕಿದಂತೆ. ಗಾಯ ತಿಳಿಯಾದ ಮೇಲೆ ಹೊಲಿಯುವುದೇ ಸರಿ.

ಟಿಟಿ ಲೆಕ್ಕ

ತುಕ್ಕು ಹಿಡಿದ ಕಬ್ಬಿಣ ತಾಗಿದರೆ ಮಾತ್ರ ಟಿಟಿ ಅಂತ ಬಹಳ ಜನ ತಿಳಿದಿದ್ದಾರೆ. ತುಕ್ಕಿಗೂ ಧನುರ್ವಾಯುವಿಗೂ ನೇರ ಸಂಬಂಧವಿಲ್ಲ. ಆ ಕೀಟಾಣುವಿನ ಬೀಜ ಇರುವುದು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ. ಹೊಳೆಯುವ ಹೊಸ ಕುಡುಗೋಲಿಗೆ ಹೊಲದ ಮಣ್ಣು ಮೆತ್ತಿದ್ದರೂ ಸಾಕು.

ಚಿಕ್ಕಂದಿನ ಲಸಿಕೆಗಳು ಪೂರ್ತಿಯಾಗಿದ್ದರೆ ಸಣ್ಣ, ಸ್ವಚ್ಛ ಗಾಯಕ್ಕೆ ಹಿಂದಿನ ಡೋಸಿನಿಂದ 10 ವರ್ಷ ದಾಟಿದ್ದರೆ ಒಂದು ಡೋಸ್, ಕೊಳೆ ಗಾಯಕ್ಕೆ 5 ವರ್ಷ ದಾಟಿದ್ದರೆ ಒಂದು. ಆರಾರು ತಿಂಗಳಿಗೆ, ಗೀರಿದಾಗಲೆಲ್ಲ ಬೇಕಿಲ್ಲ. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಟಿಟಿ ಬದಲು ಟಿಡಿ ಕೊಡುತ್ತಾರೆ, ಅದರಲ್ಲಿ ಗಂಟಲುಮಾರಿಯ ಲಸಿಕೆಯೂ ಸೇರಿದೆ. ನನಗೆ ಚಿಂತೆ ಇರುವುದು ಮನೆಯ ಅಜ್ಜಂದಿರದ್ದು. ದೇಶದಲ್ಲಿ ಮಕ್ಕಳಿಗೆಲ್ಲ ಲಸಿಕೆ ಹಾಕುವ ಸಾರ್ವತ್ರಿಕ ಕಾರ್ಯಕ್ರಮ ಶುರುವಾಗಿದ್ದೇ 1985ರಲ್ಲಿ. ಹೆಂಗಸರಿಗಾದರೂ ಬಸುರಿಯಲ್ಲಿ ಟಿಟಿ ಸಿಕ್ಕಿರುತ್ತದೆ, ಅವರ ವಾರಗೆಯ ಗಂಡಸರಿಗೆ ಎಷ್ಟೋ ಜನಕ್ಕೆ ಒಂದೂ ಬಿದ್ದಿರುವುದಿಲ್ಲ. ಅಂಥವರಿಗೆ ಕೊಳೆ ಗಾಯವಾದರೆ ಒಂದು ಟಿಡಿ ಸಾಲದು, ಕೂಡಲೇ ರಕ್ಷಣೆ ಕೊಡುವ ಟಿಐಜಿ ಅನ್ನುವ ಇಂಜೆಕ್ಷನ್ ಕೂಡ ಬೇಕು. ಆಮೇಲೆ ಒಂದು ತಿಂಗಳಿಗೆ ಎರಡನೇ ಡೋಸು, ಅಲ್ಲಿಂದ 6ರಿಂದ 12 ತಿಂಗಳಿಗೆ ಮೂರನೆಯದು. ಗಾಯವಾಗಿ ಎರಡು ದಿನ ಕಳೆದಿದ್ದರೂ ಹೋಗಿ ಹಾಕಿಸಿ.

ನಾಯಿ, ಕೋತಿ ಕಚ್ಚಿದರೆ

ಇಲ್ಲಿ ಮಾತ್ರ ನೀರಿನ ಜೊತೆ ಸೋಪು ಕಡ್ಡಾಯ, ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ. ಖಾರದ ಪುಡಿ, ಸುಣ್ಣ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ. ಹೊಲಿಗೆಯನ್ನು ಆದಷ್ಟು ಹಾಕುವುದಿಲ್ಲ. ಹೊಕ್ಕಳ ಸುತ್ತ 14 ಇಂಜೆಕ್ಷನ್ ಅನ್ನುವ ಕಾಲ ಹೋಯಿತು. ಈಗ ತೋಳಿಗೆ, ಸ್ನಾಯುವಿಗೆ ಕೊಟ್ಟರೆ 0, 3, 7, 14, 28ನೇ ದಿನ, ಚರ್ಮದ ಪದರಕ್ಕೆ ಕೊಟ್ಟರೆ 0, 3, 7, 28ನೇ ದಿನ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತಲೇ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು, ಅದನ್ನು ಕೇಳಿ ಹಾಕಿಸಿಕೊಳ್ಳಿ. ಚಿತ್ರದುರ್ಗದ ಕೋಟೆ ನೋಡಲು ಹೋಗಿ ಕೋತಿಗೆ ಬಾಳೆಹಣ್ಣು ಕೊಟ್ಟು ಪರಚಿಸಿಕೊಂಡವರೂ ಇದೇ ಸಾಲಿಗೆ ಬರುತ್ತಾರೆ. ರೇಬಿಸ್ ಲಕ್ಷಣ ಶುರುವಾದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ, ಹಾಗಾಗಿ ನಾಯಿ ಚೆನ್ನಾಗೇ ಇದೆ ಅಂತ ಕಾಯದೆ ಮೊದಲ ಡೋಸ್ ಅವತ್ತೇ ಆಗಲಿ.

ಕಟ್ಟುವುದು, ಮತ್ತೆ ನಂಜಿನ ಮಾತು

"ಗಾಳಿಯಾಡಲಿ, ಒಣಗಲಿ" ಅಂತ ತೆರೆದಿಡುವುದು ಹಳೇ ಪದ್ಧತಿ. 1962ರಲ್ಲೇ ಜಾರ್ಜ್ ವಿಂಟರ್ ಅನ್ನುವವರು ಹಂದಿಗಳ ಮೇಲೆ ಪ್ರಯೋಗ ಮಾಡಿ, ತೇವ ಇಟ್ಟು ಮುಚ್ಚಿದ ಗಾಯದ ಮೇಲೆ ಹೊಸ ಚರ್ಮ ಬೇಗ ಬರುತ್ತದೆ ಅಂತ ತೋರಿಸಿದರು. ಸಣ್ಣ ಗಾಯಕ್ಕೆ ತೆಳ್ಳಗೆ ವ್ಯಾಸಲೀನ್, ಮೇಲೆ ಗಾಜ್, ಮೇಲೆ ಬ್ಯಾಂಡೇಜ್. ಹತ್ತಿಯನ್ನು ನೇರ ಗಾಯದ ಮೇಲೆ ಇಡಬೇಡಿ, ಎಳೆ ಎಳೆಯಾಗಿ ಅಂಟಿಕೊಳ್ಳುತ್ತದೆ. ಮೆಡಿಕಲ್ ಶಾಪಿನ ಪುಡಿಯನ್ನು ದಿನಾ ಉದುರಿಸಿದರೆ ಮೇಲೆ ಗೋಡೆ ಕಟ್ಟಿ ಕೆಳಗೆ ಕೀವು ನಿಲ್ಲುತ್ತದೆ. ಬ್ಯಾಂಡೇಜ್ ಅಂಟಿದ್ದರೆ ಕೀಳದೆ ನೀರು ಹಾಕಿ 10 ನಿಮಿಷ ಬಿಡಿ, ತಾನೇ ಬಿಡುತ್ತದೆ. ದಿನಕ್ಕೊಮ್ಮೆ ಬದಲಿಸಿ, ಒದ್ದೆಯಾದರೆ ಆಗಲೇ. ಹೊಲಿಗೆ ಹಾಕಿದ್ದರೆ ಮೊದಲ ಒಂದೆರಡು ದಿನ ನೀರು ತಾಗಿಸಬೇಡಿ. ಹಳೇ ಚೀಟಿಯ ಆಂಟಿಬಯಾಟಿಕ್ ಉಳಿದಿದೆ ಅಂತ ನುಂಗಬೇಡಿ, ಸ್ವಚ್ಛವಾದ ಸಣ್ಣ ಗಾಯಕ್ಕೆ ಅದು ಬೇಕೂ ಇಲ್ಲ.

ಇನ್ನು ನಂಜು. ಬದನೆಕಾಯಿ ನಂಜು, ಶೇಂಗಾ ನಂಜು, ಮೊಟ್ಟೆ ನಂಜು ಅಂತ ಗಾಯವಾದವರಿಗೆ ಬರೀ ಅನ್ನ ತಿಳಿಸಾರು ಹಾಕುತ್ತಾರೆ. ಹೊಸ ಮಾಂಸ ಬೆಳೆಯಲು ಬೇಕಾದ್ದೇ ಬೇಳೆ, ಮೊಟ್ಟೆ, ಹಾಲು, ಶೇಂಗಾ. ಅತ್ತೆಯವರ ಎದುರು ವಾದ ಮಾಡಲು ಆಗದಿದ್ದರೆ ಡಾಕ್ಟರು ಬರೆದಿದ್ದಾರೆ ಅಂತ ಹೇಳಿಬಿಡಿ. ಶುಗರ್ ಇರುವವರು ಕಾಲಿನ ಗಾಯ ಎಷ್ಟೇ ಸಣ್ಣದಿರಲಿ ತೋರಿಸಲೇಬೇಕು. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಆ ಮಾತ್ರೆ ಶೀಟನ್ನೇ ಜೇಬಿನಲ್ಲಿಟ್ಟುಕೊಂಡು ಬನ್ನಿ.

ಮೊದಲ ಎರಡು ದಿನ ಅಂಚು ಸ್ವಲ್ಪ ಕೆಂಪಗಿರುವುದು ಸಹಜ. ಎರಡು ದಿನದ ಮೇಲೆ ನೋವು ಕಡಿಮೆಯಾಗುವ ಬದಲು ಜಾಸ್ತಿಯಾದರೆ, ಕೀವು, ವಾಸನೆ, ಜ್ವರ ಬಂದರೆ, ಕೆಂಪು ಗೆರೆ ಮೇಲಕ್ಕೆ ಏರುತ್ತಿದ್ದರೆ ಕಾಯಬೇಡಿ. ಅನುಮಾನ ಇದ್ದರೆ ಕೆಂಪಾದ ಜಾಗದ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೆಯಿರಿ. ಬೆಳಿಗ್ಗೆ ಕೆಂಪು ಆ ಗೆರೆ ದಾಟಿದ್ದರೆ ಬಸ್ಸು ಹತ್ತಿ.

ಹೊಲಿಗೆ ಬಿಚ್ಚುವ ದಿನ ಚೀಟಿಯಲ್ಲಿ ಬರೆದಿರುತ್ತೇವೆ. ಮುಖದ್ದು 5 ದಿನ, ತಲೆಯದ್ದು 7ರಿಂದ 10, ಕೈಯದ್ದೂ ಹೆಚ್ಚುಕಡಿಮೆ ಅಷ್ಟೇ, ಕಾಲಿನದ್ದು ಮತ್ತು ಕೀಲಿನ ಮೇಲಿನದ್ದು 10ರಿಂದ 14. ಆ ಅಜ್ಜನ ಕೈಗೆ ಆಪರೇಷನ್ ಆಗಿ ಹುರಿ ಕೂಡಿಸಿದರು, 14ನೇ ದಿನ ಬನ್ನಿ ಅಂತ ಹೇಳಿದ್ದೆ. ಬಂದಿದ್ದು 25ಕ್ಕೆ, ಅಡಿಕೆ ಕೊನೆಯ ಕೊಯ್ಲು ಮುಗಿಸಿಕೊಂಡು. ದಾರ ಚರ್ಮದೊಳಗೆ ಹೂತು ಹೋಗಿತ್ತು. ಒಂದೊಂದೇ ಕೀಳುವಾಗ ಅಜ್ಜ ಹಲ್ಲು ಕಚ್ಚಿ ಕೂತಿದ್ದರು, ಪಕ್ಕದಲ್ಲಿ ಅಜ್ಜಿ ಮಾತ್ರ ಸುಮ್ಮನಿರಲಿಲ್ಲ.

"ಇನ್ನೊಂದ್ ಸಲ ಕಾಫಿ ಪುಡಿ ಕೇಳು, ನೋಡ್ತೀನಿ ನಿನ್ನ."